ಬನಿಯಾಸ್: ಒಂದು ಹೆಸರು, ಎರಡು ಊರು

ದೇರಾದಲ್ಲಿ ಮೆಟ್ರೋ ಹಸಿರು ಮಾರ್ಗದ ಒಂದು ನಿಲ್ದಾಣದ ಹೆಸರು ಬನಿಯಾಸ್ ಸ್ಕ್ವೇರ್. ಎಸ್ಕಲೇಟರ್ ಹತ್ತಿ ಮೇಲೆ ಬಂದರೆ ಹಳೇ ಹೋಟೆಲುಗಳು, ಮೊಬೈಲ್ ಅಂಗಡಿ, ಬಟ್ಟೆ ಅಂಗಡಿ, ಬೆಂಚಿನ ಮೇಲೆ ಕೂತು ಊರಿಗೆ ವಿಡಿಯೋ ಕಾಲ್ ಮಾಡ್ತಿರುವ ಜನ. ಹೋದ ವರ್ಷ ಕುಂದಾಪುರದಿಂದ ಬಂದ ನನ್ನ ಭಾವ ಆ ಬೋರ್ಡ್ ನೋಡಿ, “ಓಹೋ, ಇದು ನಮ್ಮ ಬನಿಯಾಗಳು ಕಟ್ಟಿದ ಪೇಟೆಯಾ?” ಅಂದರು. ಗುಜರಾತಿ, ಸಿಂಧಿ ವ್ಯಾಪಾರಿಗಳು ಇಲ್ಲಿ ತಲೆಮಾರುಗಳಿಂದ ಇದ್ದಾರೆ, ಆದ್ದರಿಂದ ಊಹೆ ತೀರಾ ಅಸಂಬದ್ಧವೇನಲ್ಲ. ಆದರೆ ತಪ್ಪು. ಬನಿ ಅಂದರೆ ಅರಬ್ಬಿಯಲ್ಲಿ ಮಕ್ಕಳು. ಬನಿ ಯಾಸ್ ಅಂದರೆ ಯಾಸನ ಮಕ್ಕಳು, ಯಾಸನ ಸಂತತಿ. ಅದೊಂದು ಬುಡಕಟ್ಟಿನ ಹೆಸರು.

ಈಗ ನೀವು ಬಸ್ಸು ಹತ್ತಿ ಅಬುಧಾಬಿಗೆ ಹೋಗಿ. ಸುಮಾರು 140 ಕಿಲೋಮೀಟರ್ ದೂರ, ಹೆಚ್ಚೂಕಡಿಮೆ ಬೆಂಗಳೂರಿನಿಂದ ಮೈಸೂರಿಗೆ ಹೋದಷ್ಟು. ನಗರದ ದ್ವೀಪಕ್ಕೆ ಸೇರುವ ಮೊದಲು, ಒಳನಾಡಿನ ಕಡೆ ಒಂದು ದೊಡ್ಡ ಬಡಾವಣೆ ಇದೆ. ಅದರ ಹೆಸರೂ ಬನಿಯಾಸ್!

ಒಂದೇ ಹೆಸರು ಎರಡು ಊರಲ್ಲಿ ಯಾಕಿದೆ ಅನ್ನೋದೇ ಇವತ್ತಿನ ಕಥೆ. ಇದನ್ನು ಹೇಳಬೇಕು ಅನ್ನಿಸಿದ್ದು ನನ್ನ ಮಗಳ ಶಾಲೆಯ ಪ್ರಾಜೆಕ್ಟಿನಿಂದ. ಅವಳು ಹುಟ್ಟಿದ್ದು, ಬೆಳೆದಿದ್ದು ಇಲ್ಲೇ. “ದುಬೈ ಮತ್ತು ಅಬುಧಾಬಿ” ಎಂಬ ವಿಷಯಕ್ಕೆ ಅವಳು ಬರೆದ ಮೊದಲ ಸಾಲು ಹೀಗಿತ್ತು: ದುಬೈ ಓಡುವ ಊರು, ಅಬುಧಾಬಿ ಕೂತಿರುವ ಊರು. ಓದಿ ನನಗೆ ನಗು ಬಂತು, ಜೊತೆಗೆ ಸ್ವಲ್ಪ ಕಸಿವಿಸಿಯೂ ಆಯಿತು. ಯಾಕಂದ್ರೆ ನಮ್ಮ ಮನೆಯಲ್ಲಿ ಇದೇ ಮಾತನ್ನು ನಲವತ್ತು ವರ್ಷ ಇಬ್ಬರು ಅಣ್ಣತಮ್ಮಂದಿರು ಆಡಿದ್ದರು. ಒಬ್ಬರು ನನ್ನ ಅಪ್ಪಯ್ಯ, ದೇರಾದವರು. ಇನ್ನೊಬ್ಬರು ದೊಡ್ಡಪ್ಪಯ್ಯ, ಅಬುಧಾಬಿಯವರು. ಆ ಮಾತು ತಮಾಷೆಯಾಗಿ ಉಳಿಯದ ಒಂದು ಕಾಲವೂ ಬಂತು. ಅದನ್ನು ಆಮೇಲೆ ಹೇಳ್ತೀನಿ.

ಜಿಂಕೆ ತೋರಿಸಿದ ನೀರು

ಮೊದಲು ಅಬುಧಾಬಿ, ಯಾಕಂದ್ರೆ ಅದೇ ಹಿರಿಯ ಮನೆ.

ಬನಿ ಯಾಸ್ ಅನ್ನೋದು ಒಂದೇ ಕುಲ ಅಲ್ಲ, ಹಲವು ಬಳಿಗಳ ಒಕ್ಕೂಟ. ‘ಬಳಿ’ ಅನ್ನೋ ಪದ ಹೊಸದಾಗಿ ಕನ್ನಡ ಕಲಿಯುವವರಿಗೆ ಗೊತ್ತಿರಲಿಕ್ಕಿಲ್ಲ. ನಮ್ಮ ಕರಾವಳಿಯಲ್ಲಿ ಒಂದೇ ಮೂಲದಿಂದ ಬಂದ ಕುಟುಂಬಗಳ ಗುಂಪಿಗೆ ಹಾಗೆ ಹೇಳ್ತಾರೆ. ಇವರ ಮೂಲ ನೆಲೆ ದಕ್ಷಿಣದ ಮರಳುಗಾಡಿನ ಅಂಚಿನಲ್ಲಿರುವ ಲೀವಾ ಎಂಬ ಖರ್ಜೂರದ ತೋಪುಗಳ ಸಾಲು. ಕಥೆ ಹೇಳುವ ಪ್ರಕಾರ, 1761ರ ಸುಮಾರಿಗೆ ಬೇಟೆಗಾರರು ಒಂದು ಜಿಂಕೆಯ ಹೆಜ್ಜೆ ಹಿಡಿದು ಸಮುದ್ರದ ಬದಿಯ ದ್ವೀಪಕ್ಕೆ ಬಂದರು, ಅಲ್ಲಿ ಕುಡಿಯುವ ನೀರು ಸಿಕ್ಕಿತು. ಅರಬ್ಬಿಯಲ್ಲಿ ಧಬಿ ಅಂದರೆ ಜಿಂಕೆ, ಅಬು ಅಂದರೆ ತಂದೆ. ಹಾಗೆ ಅಬುಧಾಬಿ.

ಆ ನೀರಿನ ಬಾವಿ ಕಾಯಲು ಒಂದು ಕಾವಲು ಗೋಪುರ ಕಟ್ಟಿದರು. ಅದೇ ಮುಂದೆ ಕಸ್ರ್ ಅಲ್ ಹೊಸ್ನ್ ಕೋಟೆ ಆಯಿತು. 1790ರ ದಶಕದಲ್ಲಿ ಬನಿ ಯಾಸ್ ಮುಖ್ಯಸ್ಥರಾದ ಶೇಖ್ ಶಖ್ಬೂತ್ ಬಿನ್ ಧಿಯಾಬ್ ತಮ್ಮ ಗದ್ದುಗೆಯನ್ನು ಲೀವಾದಿಂದ ಈ ದ್ವೀಪಕ್ಕೆ ತಂದರು. ಇದನ್ನು ನೆನಪಿಟ್ಟುಕೊಳ್ಳಿ: ಅಬುಧಾಬಿಯ ಮೊದಲ ಕಟ್ಟಡ ಬಾವಿಯ ಕಾವಲಿಗಾಗಿ ಹುಟ್ಟಿದ್ದು. ಊರು ಶುರುವಾದದ್ದು ಅರಮನೆಯ ಸುತ್ತ.

1833: ಮನೆ ಪಾಲಾದ ವರ್ಷ

1833ರಲ್ಲಿ ಅಬುಧಾಬಿಯ ಆಳುವ ಕುಟುಂಬದಲ್ಲಿ ಗದ್ದುಗೆಗಾಗಿ ರಕ್ತ ಹರಿಯಿತು. ಹೊಸ ಆಡಳಿತ ತನ್ನ ವಿರೋಧಿಗಳನ್ನು ಕಠಿಣವಾಗಿ ಹತ್ತಿಕ್ಕಿತು. ಇದನ್ನು ಸಹಿಸದ ಅಲ್ ಬು ಫಲಾಸಾ ಎಂಬ ಬಳಿ, ಸುಮಾರು 800 ಜನ, ಗಂಟುಮೂಟೆ ಕಟ್ಟಿಕೊಂಡು ಕರಾವಳಿಯ ಉತ್ತರಕ್ಕೆ ಹೊರಟಿತು. ಮಕ್ತೂಮ್ ಬಿನ್ ಬುಟ್ಟಿ ಮತ್ತು ಉಬೈದ್ ಬಿನ್ ಸಯೀದ್ ಅವರ ನಾಯಕರು. ಅವರು ಬಂದು ನಿಂತದ್ದು ದುಬೈ ಎಂಬ ಚಿಕ್ಕ ಮೀನುಗಾರರ ಊರಿಗೆ. ಮುಂದೆ ಮಕ್ತೂಮ್ ಒಬ್ಬರೇ ಆಳಿದರು. ಇವತ್ತಿಗೂ ಅದೇ ಕುಟುಂಬ ಅಲ್ಲಿ ಆಳುತ್ತಿದೆ.

ಹಾಗಾದರೆ ಬನಿಯಾಸ್ ಸ್ಕ್ವೇರಿನ ಬೋರ್ಡಿಗೆ ಈಗ ಅರ್ಥ ಬಂತಲ್ಲ? ದುಬೈಯ ಆಳುವ ಮನೆ, ಅಬುಧಾಬಿಯ ಆಳುವ ಮನೆ, ಎರಡೂ ಬನಿ ಯಾಸ್. ನಮ್ಮ ಕಡೆ ಹಿಸ್ಸೆಯಾದ ಮನೆ ಅಂತೀವಲ್ಲ, ಹಾಗೆ.

ಹಾಗಾದ್ರೆ ಒಂದೇ ರಕ್ತದ ಜನ ಇಷ್ಟು ಬೇರೆ ಬೇರೆ ಊರು ಕಟ್ಟಿದ್ದು ಹೇಗೆ? ನನ್ನ ಉತ್ತರ ಸರಳ. ಸ್ವಭಾವ ರಕ್ತದಿಂದ ಬರಲಿಲ್ಲ, ನೆಲ ಮತ್ತು ನೀರಿನಿಂದ ಬಂತು.

ಕಡವು ಮತ್ತು ಕಾವಲು

ದುಬೈಗೆ ಸಿಕ್ಕಿದ್ದು ಒಂದು ಖೋರ್. ಸಮುದ್ರ ನೆಲದೊಳಗೆ ನುಗ್ಗಿ ಹಲವು ಕಿಲೋಮೀಟರ್ ಒಳಗೆ ಹೋದ ಉಪ್ಪುನೀರಿನ ನಾಲಗೆ. ಇಂಗ್ಲಿಷಿನವರು ಕ್ರೀಕ್ ಅಂತಾರೆ. ಒಂದು ದಡ ಬರ್ ದುಬೈ, ಇನ್ನೊಂದು ದಡ ದೇರಾ. ಬರ್ ದುಬೈ ಕಡೆ ಆಳುವವರ ಕೋಟೆ ಮತ್ತು ಮನೆ. ದೇರಾ ಕಡೆ ಪೇಟೆ. ಮಧ್ಯೆ ಅಬ್ರಾ ಎಂಬ ದೋಣಿ. ದಾಟುವುದು ಎಂಬ ಅರ್ಥದ ಅರಬ್ಬಿ ಧಾತುವಿನಿಂದಲೇ ಆ ಪದ ಬಂದದ್ದು. ನಮ್ಮ ಕರಾವಳಿಯಲ್ಲಿ ಹೊಳೆ ದಾಟಿಸುವ ಜಾಗಕ್ಕೆ ಕಡವು ಅಂತೀವಿ. ಅಪ್ಪಯ್ಯ ಕೊನೆಯವರೆಗೂ ಅಬ್ರಾ ಸ್ಟೇಷನ್ನಿಗೆ “ಕಡವು” ಅಂತಲೇ ಅನ್ನುತ್ತಿದ್ದರು. ಒಂದು ದಿರ್ಹಮ್ ಕೊಟ್ಟು ಈಗಲೂ ನೀವು ದಾಟಬಹುದು.

ಅಬುಧಾಬಿ ದ್ವೀಪ. ಅಲ್ಲೂ ದಾಟುವ ಜಾಗ ಇತ್ತು, ಅಲ್ ಮಕ್ತಾ ಅಂತ. ಇಳಿತದ ಹೊತ್ತು ನೋಡಿ ಒಂಟೆಗಳನ್ನು ನೀರಿನಲ್ಲಿ ನಡೆಸಿ ದ್ವೀಪ ಸೇರುತ್ತಿದ್ದರು. ಅಲ್ಲಿ ನೀರಿನ ನಡುವೆ ಒಂದು ಕಾವಲು ಗೋಪುರ ಇವತ್ತಿಗೂ ನಿಂತಿದೆ. ಮೊದಲ ದೊಡ್ಡ ಸೇತುವೆ ಬಂದದ್ದು 1968ರಲ್ಲಿ. ಒಂದು ಊರಲ್ಲಿ ದಾಟುವವರಿಂದ ಬಾಡಿಗೆ ತಗೊಂಡರು, ಇನ್ನೊಂದರಲ್ಲಿ ದಾಟುವವರ ಮೇಲೆ ಕಣ್ಣಿಟ್ಟರು. ಅಬುಧಾಬಿಯ ಹಿಂದೆ ದೊಡ್ಡ ಒಳನಾಡು ಇತ್ತು: ಲೀವಾದ ತೋಪು, ಅಲ್ ಐನಿನ ನೀರಿನ ಕಾಲುವೆ, ಅನೇಕ ಬುಡಕಟ್ಟು. ಅದನ್ನು ಒಟ್ಟಿಗೆ ಹಿಡಿದಿಡುವುದೇ ಅಲ್ಲಿನ ಶೇಖರ ಕೆಲಸ. ದುಬೈಗೆ ಹೇಳಿಕೊಳ್ಳುವಂಥ ಒಳನಾಡೇ ಇಲ್ಲ. ಅದಕ್ಕೆ ಇದ್ದದ್ದು ಬಂದರು ಮಾತ್ರ. ಬಂದರು ಬದುಕಬೇಕಾದರೆ ಹೊರಗಿನವರು ಬರಲೇಬೇಕು.

ಹೊರಗಿನವರನ್ನು ಕರೆಯುವ ಅವಕಾಶ ಸಿಕ್ಕಿದ್ದು ಇಪ್ಪತ್ತನೇ ಶತಮಾನದ ಆರಂಭದಲ್ಲಿ. ಎದುರು ದಡದ ಪರ್ಷಿಯಾದಲ್ಲಿ ಲಿಂಗೇ ಎಂಬ ದೊಡ್ಡ ಬಂದರು. ಅಲ್ಲಿನ ಸರ್ಕಾರ ಸುಂಕ ಬಿಗಿ ಮಾಡಿತು. ಆಗ ದುಬೈ ಆಳುತ್ತಿದ್ದ ಶೇಖ್ ಮಕ್ತೂಮ್ ಬಿನ್ ಹಶರ್ ತಮ್ಮ ಬಂದರಿನಲ್ಲಿ ಸುಂಕ ತೆಗೆದು, ಬನ್ನಿ ಅಂದರು. ವರ್ತಕರು ಬಂದರು. ಬಸ್ತಕ್ ಊರಿನಿಂದ ಬಂದವರು ಕಟ್ಟಿದ ಕೇರಿಯೇ ಬಸ್ತಕಿಯಾ. 1904ರಿಂದ ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಷನ್ ಕಂಪನಿಯ ಹಡಗುಗಳು ದುಬೈಯಲ್ಲಿ ತಪ್ಪದೆ ನಿಲ್ಲತೊಡಗಿದವು. ಮುತ್ತು ಬೊಂಬಾಯಿಗೆ ಹೋಗುತ್ತಿತ್ತು. ಅಕ್ಕಿ, ಬಟ್ಟೆ, ಸಾಂಬಾರ ಪದಾರ್ಥ ಅಲ್ಲಿಂದ ಬರುತ್ತಿತ್ತು. ಕೈಯಿಂದ ಕೈಗೆ ಹೋಗುತ್ತಿದ್ದ ಹಣ ನಮ್ಮ ರೂಪಾಯಿ.

ಈ ಎರಡು ಊರುಗಳ ಅಂತರ ಅಳೆಯಲು ನನಗೆ ಇಷ್ಟವಾದ ಒಂದು ಅಳತೆ ಅಂಚೆ ಕಚೇರಿ. ದುಬೈಯಲ್ಲಿ ಅಂಚೆ ಕಚೇರಿ ತೆರೆದದ್ದು 1909ರಲ್ಲಿ, ಭಾರತದ ಅಂಚೆ ಇಲಾಖೆಯ ಕೆಳಗೆ, ಭಾರತದ ಸ್ಟ್ಯಾಂಪುಗಳೊಂದಿಗೆ. ಅಬುಧಾಬಿ ನಗರದಲ್ಲಿ ತೆರೆದದ್ದು 1963ರಲ್ಲಿ! ಮಧ್ಯೆ ಅರ್ಧ ಶತಮಾನ. ಪತ್ರ ಬರೆಯುವವರು ಯಾರು? ದೂರದಲ್ಲಿ ಸಂಬಂಧ ಇರುವವರು, ಸಾಲ ಕೊಟ್ಟವರು, ಸರಕಿಗೆ ಕಾಯುವವರು. ಹಾಗಂತ ಅಬುಧಾಬಿ ಬಡವಾಗಿತ್ತು ಅಂದುಕೊಳ್ಳಬೇಡಿ. 1855ರಿಂದ 1909ರವರೆಗೆ ಆಳಿದ ಮೊದಲನೇ ಜಾಯೆದ್ ಕಾಲದಲ್ಲಿ ಈ ಕರಾವಳಿಯಲ್ಲೇ ಬಲಿಷ್ಠ ಶೇಖ್ ಅವರೇ, ಮುತ್ತಿನ ದೋಣಿಗಳೂ ಅಲ್ಲಿ ಬೇಕಾದಷ್ಟಿದ್ದವು. ಅಬುಧಾಬಿಗೆ ಬಲ ಇತ್ತು, ದುಬೈಗೆ ಬಳಕೆ ಇತ್ತು.

ಇಲ್ಲಿ ಮೈಸೂರು-ಬೆಂಗಳೂರು ನೆನಪಾಗುವುದು ಸಹಜ. ಅರಮನೆಯ ಊರು ಒಂದು, ಪೇಟೆಯ ಊರು ಇನ್ನೊಂದು. ಆದರೆ ಹೋಲಿಕೆಯನ್ನು ತುಂಬಾ ಎಳೆಯಬೇಡಿ. 1831ರಲ್ಲಿ ಬ್ರಿಟಿಷರು ಮೈಸೂರು ಸಂಸ್ಥಾನದ ಆಡಳಿತ ಕೈಗೆ ತಗೊಂಡ ಮೇಲೆ ಅಧಿಕಾರ ಬೆಂಗಳೂರಿಗೆ ಜಾರಿತು, ಮೈಸೂರಿಗೆ ಅರಮನೆ ಉಳಿಯಿತು. ಅಬುಧಾಬಿಯಲ್ಲಿ ಅರಮನೆಯೂ ಉಳಿಯಿತು, ಅಧಿಕಾರವೂ ಉಳಿಯಿತು, ಕೊನೆಗೆ ಭಂಡಾರವೂ ಅಲ್ಲೇ ಸಿಕ್ಕಿತು.

ದೇರಾದ ಮದುವೆ

ದೇರಾದಲ್ಲಿ ನಡೆದ ಒಂದು ಮದುವೆಯ ಕಥೆ ಹೇಳದೆ ಮುಂದೆ ಹೋಗಲಾರೆ. ಬಂಗಾರದ ಸೂಕಿನಲ್ಲಿ ಫೋಟೋ ತೆಗೆಸಿಕೊಳ್ಳುವ ಹೆಚ್ಚಿನವರಿಗೆ ಇದು ಗೊತ್ತಿಲ್ಲ.

1930ರ ದಶಕದಲ್ಲಿ ಮುತ್ತಿನ ವ್ಯಾಪಾರ ಕುಸಿದಿತ್ತು. ಒಂದು ಕಡೆ ಜಗತ್ತಿನ ಆರ್ಥಿಕ ಮುಗ್ಗಟ್ಟು, ಇನ್ನೊಂದು ಕಡೆ ಜಪಾನಿನವರು ಬೆಳೆಸಿದ ಅಗ್ಗದ ಮುತ್ತು. ಅದೇ ಹೊತ್ತಿಗೆ ದುಬೈ ಶೇಖ್ ಸಯೀದ್ ಬಿನ್ ಮಕ್ತೂಮ್ ಅವರಿಗೆ ತೈಲ ಹುಡುಕುವ ಕಂಪನಿಯಿಂದ, ವಿಮಾನಗಳಿಂದ ಹಣ ಬರತೊಡಗಿತು. ಆ ಹಣ ಊರಿನದಲ್ಲವೇ, ಲೆಕ್ಕ ಎಲ್ಲಿ ಅಂತ ದೇರಾದ ವರ್ತಕರು ಮತ್ತು ಆಳುವ ಮನೆಯದೇ ಕೆಲವು ದಾಯಾದಿಗಳು ಕೇಳಿದರು. 1938ರ ಅಕ್ಟೋಬರಿನಲ್ಲಿ 15 ಸದಸ್ಯರ ಒಂದು ಮಜ್ಲಿಸ್, ಅಂದರೆ ಸಭೆ, ಆಗಿಯೇಬಿಟ್ಟಿತು. ಕಸ್ಟಮ್ಸ್ ವ್ಯವಸ್ಥೆ, ಶಾಲೆ, ಊರಿನ ಖರ್ಚು, ಎಲ್ಲ ಅವರು ಕೈಗೆತ್ತಿಕೊಂಡರು. ಕೆಲವು ತಿಂಗಳು ಖೋರಿನ ಒಂದು ದಡ ಶೇಖರದ್ದು, ಇನ್ನೊಂದು ದಡ ವರ್ತಕರದ್ದು ಎಂಬಂತೆ ನಡೆಯಿತು.

1939ರ ಮಾರ್ಚ್ 29ರಂದು ಶೇಖ್ ಸಯೀದ್ ಅವರ ಮಗ ರಾಶಿದ್ ಅವರ ಮದುವೆ ದೇರಾದಲ್ಲಿ ನಿಗದಿಯಾಯಿತು. ವಧು ಲತೀಫಾ ಬಿಂತ್ ಹಮ್ದಾನ್, ಅಬುಧಾಬಿಯ ಹಿಂದಿನ ಶೇಖರೊಬ್ಬರ ಮಗಳು! ಪಾಲಾದ ಮನೆಯ ಎರಡೂ ಕಡೆ ನೂರು ವರ್ಷದ ನಂತರ ಬೀಗರಾಗುವ ಹೊತ್ತು. ಮದುವೆಗೆ ಶೇಖರ ಕಡೆಯ ಬದೂಯಿನ್ ಜನ ದೇರಾಕ್ಕೆ ಬಂದರು, ಬಂದೂಕು ಸಮೇತ. ಆ ದಿನವೇ ಗುಂಡು ಹಾರಿತು, ಮಜ್ಲಿಸ್ ಮುಗಿಯಿತು.

ಈ ಕಥೆಗೆ ಎರಡು ಬಾಲ ಇವೆ. ಒಂದು, ಆ ಮದುಮಗ ರಾಶಿದ್ 1958ರಲ್ಲಿ ದುಬೈಯ ಆಳ್ವಿಕೆಗೆ ಬಂದರು, ಮತ್ತು ವರ್ತಕರು ಕೇಳಿದ್ದ ಬಂದರು, ಕಸ್ಟಮ್ಸ್, ಊರಿನ ಕೆಲಸಗಳನ್ನೇ ಒಂದೊಂದಾಗಿ ಮಾಡಿ ತೋರಿಸಿದರು. ಗೆದ್ದವರು ಸೋತವರ ಪಟ್ಟಿಯನ್ನು ಜೇಬಿನಲ್ಲಿಟ್ಟುಕೊಂಡಿದ್ದರು ಅನ್ನಬಹುದು. ಇನ್ನೊಂದು, ಬೀಗತನ ಜಗಳ ತಪ್ಪಿಸಲಿಲ್ಲ. ಗಡಿಯ ವಿಷಯಕ್ಕೆ 1945ರಿಂದ 1948ರವರೆಗೆ ದುಬೈ ಮತ್ತು ಅಬುಧಾಬಿ ನಿಜವಾಗಿಯೂ ಯುದ್ಧ ಮಾಡಿದವು. ಈಗ ನೀವು ಒಂದೂವರೆ ಗಂಟೆಯಲ್ಲಿ ದಾಟುವ ಅದೇ ಮರಳಿನ ಮೇಲೆ.

ಸಾಲ ಮಾಡಿ ಹೂಳು ತೆಗೆದ ಊರು, ಹಣ ಬಂದರೂ ಕಾದ ಊರು

1950ರ ದಶಕದ ಕೊನೆಗೆ ಬನ್ನಿ. ಖೋರಿನಲ್ಲಿ ಹೂಳು ತುಂಬಿ ದೋಣಿಗಳು ಒಳಗೆ ಬರಲಾಗುತ್ತಿಲ್ಲ. ಶೇಖ್ ರಾಶಿದ್ ಕುವೈತಿನಿಂದ ಸಾಲ ತಂದರು, ಊರಿನ ವರ್ತಕರಿಂದಲೂ ಹಣ ಎತ್ತಿದರು. 1961ರ ಹೊತ್ತಿಗೆ ಹೂಳು ತೆಗೆದಾಯಿತು. 1960ರಲ್ಲಿ ವಿಮಾನ ನಿಲ್ದಾಣ, 1963ರಲ್ಲಿ ದೇರಾ-ಬರ್ ದುಬೈ ಸೇರಿಸುವ ಮಕ್ತೂಮ್ ಸೇತುವೆ. ಬ್ರಿಟಿಷ್ ವಾಸ್ತುಶಿಲ್ಪಿ ಜಾನ್ ಹ್ಯಾರಿಸ್ 1960ರಲ್ಲಿ ಊರಿನ ನಕ್ಷೆ ಬರೆದರು. ಗಮನಿಸಿ, ಇದೆಲ್ಲ ನಡೆದಾಗ ದುಬೈಯಲ್ಲಿ ಒಂದು ಹನಿ ತೈಲ ಸಿಕ್ಕಿರಲಿಲ್ಲ. ಅದು ಸಿಕ್ಕಿದ್ದು 1966ರಲ್ಲಿ.

ಅಬುಧಾಬಿಯಲ್ಲಿ ಉಲ್ಟಾ. ತೈಲ 1958ರಲ್ಲೇ ಸಿಕ್ಕಿತು, 1962ರಲ್ಲಿ ರಫ್ತು ಶುರುವಾಯಿತು. ಆದರೆ 1928ರಿಂದ ಆಳುತ್ತಿದ್ದ ಶೇಖ್ ಶಖ್ಬೂತ್ ಬಿನ್ ಸುಲ್ತಾನ್ ಖರ್ಚಿಗೆ ಹಿಂಜರಿದರು. ಅವರನ್ನು ಜಿಪುಣ ಅಂತ ನಗುವುದು ಸುಲಭ. ಮುತ್ತಿನ ದುಡ್ಡು ಬಂದು ಮಾಯವಾದದ್ದನ್ನು ಕಣ್ಣಾರೆ ಕಂಡ ತಲೆಮಾರಿನ ಮನುಷ್ಯ ಅವರು. ತೈಲವೂ ಹಾಗೇ ಹೋಗಲಾರದು ಅಂತ ಅವರಿಗೆ ಯಾರು ಭರವಸೆ ಕೊಡಬೇಕಿತ್ತು? 1966ರ ಆಗಸ್ಟ್ 6ರಂದು ಅವರ ತಮ್ಮ ಜಾಯೆದ್ ಆಳ್ವಿಕೆಗೆ ಬಂದರು, ಊರು ರಾತ್ರೋರಾತ್ರಿ ಅನ್ನುವಂತೆ ಬದಲಾಯಿತು. ಕತ್ಸುಹಿಕೊ ತಕಹಾಶಿ ಎಂಬ ಜಪಾನಿ, ಆಮೇಲೆ ಅಬ್ದುಲ್‌ರಹಮಾನ್ ಮಖ್ಲೂಫ್ ಎಂಬ ಈಜಿಪ್ಟಿನವರು ನಗರ ಯೋಜನೆ ಮಾಡಿದರು. ನೀವು ಅಬುಧಾಬಿಯಲ್ಲಿ ನೋಡುವ ನೇರ ಅಗಲ ರಸ್ತೆ, ಚೌಕ ಚೌಕ ಬಡಾವಣೆ, ಸಾಲು ಮರ, ಎಲ್ಲ ಆ ಕಾಲದ ಫಲ. ದೇರಾದ ಗಲ್ಲಿಗಳು ಕಾಲು ನಡೆದ ಹಾಗೆ ಬೆಳೆದವು. ಅಬುಧಾಬಿಯ ಬೀದಿಗಳನ್ನು ಮೊದಲು ಕಾಗದದ ಮೇಲೆ ಎಳೆದರು. ನಡೆಯುವಾಗ ಕಾಲಿಗೇ ಇದು ಗೊತ್ತಾಗುತ್ತೆ.

ಹಾಗಾದರೆ 1960ರ ದಶಕದ ಆರಂಭದಲ್ಲಿ ಬಂದವರಿಗೆ ಯಾವುದು ಓಡುವ ಊರು, ಯಾವುದು ಕೂತ ಊರು? ಮಗಳ ಸಾಲು ಸರಿ. 1970ರಲ್ಲಿ ಬಂದವರನ್ನು ಕೇಳಿದರೆ? ಅಬುಧಾಬಿಯೇ ಓಡುತ್ತಿತ್ತು.

ದಿನಾರು, ರಿಯಾಲು, ದಿರ್ಹಮ್

ನಮ್ಮ ದೊಡ್ಡಪ್ಪಯ್ಯ ಬಂದದ್ದು ಅದೇ 1970ರಲ್ಲಿ, ಅಬುಧಾಬಿಯ ಒಂದು ಸರ್ಕಾರಿ ಇಲಾಖೆಯ ಸ್ಟೋರಿನಲ್ಲಿ ಗುಮಾಸ್ತರಾಗಿ. ಅವರು ಹೇಳುತ್ತಿದ್ದ ಒಂದು ವಿಷಯ ನಮಗೆ ಮಕ್ಕಳಿಗೆ ನಂಬಲಿಕ್ಕೇ ಆಗುತ್ತಿರಲಿಲ್ಲ: ಅಬುಧಾಬಿಯಿಂದ ದೇರಾಕ್ಕೆ ಬಂದರೆ ಹಣ ಬದಲಾಯಿಸಬೇಕಿತ್ತಂತೆ. ನಿಜವೇ. 1966ರವರೆಗೆ ಎರಡೂ ಕಡೆ ಓಡುತ್ತಿದ್ದದ್ದು ಭಾರತದ ರಿಸರ್ವ್ ಬ್ಯಾಂಕ್ ಗಲ್ಫಿಗಾಗಿಯೇ 1959ರಲ್ಲಿ ಹೊರಡಿಸಿದ ರೂಪಾಯಿ. 1966ರ ಜೂನಿನಲ್ಲಿ ಭಾರತ ರೂಪಾಯಿಯ ಬೆಲೆ ಇಳಿಸಿದಾಗ ಇವರು ಕೈಬಿಟ್ಟರು. ಬಿಟ್ಟ ಮೇಲೆ ಎರಡೂ ಬೇರೆ ದಾರಿ ಹಿಡಿದವು. ಅಬುಧಾಬಿ ಬಹರೈನಿನ ದಿನಾರು ತಗೊಂಡಿತು, ದುಬೈ ಕತಾರಿನ ಜೊತೆ ಸೇರಿ ರಿಯಾಲು ಮಾಡಿತು. 1973ರ ಮೇ ತಿಂಗಳಲ್ಲಿ ದಿರ್ಹಮ್ ಬಂದಾಗ ಒಂದು ರಿಯಾಲಿಗೆ ಒಂದು ದಿರ್ಹಮ್, ಒಂದು ದಿನಾರಿಗೆ ಹತ್ತು ದಿರ್ಹಮ್ ಲೆಕ್ಕ. “ನನ್ನ ಸಂಬಳ ಒಂದೇ ದಿನದಲ್ಲಿ ಹತ್ತು ಪಟ್ಟಾಯ್ತು, ಆದ್ರೆ ಖರ್ಚೂ ಹಾಗೇ ಆಯ್ತಲ್ಲ ಮಾರಾಯ” ಅಂತ ದೊಡ್ಡಪ್ಪಯ್ಯ ನಗುತ್ತಿದ್ದರು.

ಒಂದು ದೇಶ ಆಗಿ ಒಂದೂವರೆ ವರ್ಷ ಕಳೆದರೂ ಎರಡು ಹಣ ಓಡುತ್ತಿತ್ತು ಅಂದರೆ ಒಕ್ಕೂಟ ಎಷ್ಟು ನಾಜೂಕಾಗಿತ್ತು ನೋಡಿ. 1968ರ ಜನವರಿಯಲ್ಲಿ ಬ್ರಿಟನ್, ತಾನು ಕೊಲ್ಲಿ ಬಿಟ್ಟು ಹೋಗ್ತೀನಿ ಅಂತ ಘೋಷಿಸಿತು. ಫೆಬ್ರವರಿ 18ರಂದು ಎರಡು ಊರುಗಳ ನಡುವಿನ ಮರಳಿನಲ್ಲಿ ಶೇಖ್ ಜಾಯೆದ್, ಶೇಖ್ ರಾಶಿದ್ ಕೂತು ಒಂದಾಗುವ ಮಾತಿಗೆ ಬಂದರು. ಅದೇ ದಿನ ಸಮುದ್ರದ ಗಡಿಯನ್ನೂ ಇತ್ಯರ್ಥ ಮಾಡಿದರು, ಅದು ದುಬೈಗೆ ಅನುಕೂಲವಾಗುವಂತೆ ಆಯಿತು. ಆ ವರ್ಷದ ಜನಗಣತಿಯಲ್ಲಿ ದುಬೈ ಸಂಸ್ಥಾನಕ್ಕೆ ಸುಮಾರು 59 ಸಾವಿರ, ಅಬುಧಾಬಿಗೆ ಸುಮಾರು 46 ಸಾವಿರ ಜನ. ಇಬ್ಬರೂ ಸೇರಿದರೂ ನಮ್ಮ ಒಂದು ತಾಲ್ಲೂಕಿನಷ್ಟಿಲ್ಲ. 1971ರ ಡಿಸೆಂಬರ್ 2ರಂದು ದುಬೈಯಲ್ಲಿ ಒಕ್ಕೂಟದ ಬಾವುಟ ಏರಿತು. ಅಧ್ಯಕ್ಷರು ಅಬುಧಾಬಿಯ ಜಾಯೆದ್.

ರಾಜಧಾನಿ ಯಾವುದು ಅಂತ ಬಂದಾಗ ಒಂದು ಸ್ವಾರಸ್ಯ ನಡೆಯಿತು. ತಾತ್ಕಾಲಿಕ ಸಂವಿಧಾನದಲ್ಲಿ ಹೀಗೆ ಬರೆದರು: ಅಬುಧಾಬಿ ಮತ್ತು ದುಬೈ ಗಡಿಯಲ್ಲಿ ಕರಾಮಾ ಎಂಬ ಹೊಸ ರಾಜಧಾನಿ ಕಟ್ಟೋಣ, ಅಲ್ಲಿವರೆಗೆ ಅಬುಧಾಬಿ ಇರಲಿ. ಆ ಊರು ಕಟ್ಟಲೇ ಇಲ್ಲ. 1996ರಲ್ಲಿ ಸಂವಿಧಾನ ಕಾಯಂ ಆದಾಗ ಅಬುಧಾಬಿಯೇ ರಾಜಧಾನಿಯಾಯಿತು. ದುಬೈಯ ಕರಾಮಾ ಬಡಾವಣೆಯಲ್ಲಿ ಕೂತು ಮಸಾಲೆ ದೋಸೆ ತಿನ್ನುವಾಗ ಒಮ್ಮೆ ನೆನೆಸಿಕೊಳ್ಳಿ, ಇದೇ ಹೆಸರಿನ ಇನ್ನೊಂದು ಊರು ಕಾಗದದ ಮೇಲೆ ಇಪ್ಪತ್ತೈದು ವರ್ಷ ರಾಜಧಾನಿಯಾಗಲು ಕಾದಿತ್ತು.

ನಮ್ಮವರು ಹಂಚಿಹೋದ ಬಗೆ

ಅಪ್ಪಯ್ಯ 1976ರಲ್ಲಿ ಬೊಂಬಾಯಿಯಿಂದ ‘ದ್ವಾರಕಾ’ ಹಡಗು ಹತ್ತಿ ಬಂದರು. 1982ರವರೆಗೆ ಆ ಹಡಗು ಓಡುತ್ತಿತ್ತು. ಆಮೇಲೆ ವಿಮಾನವೇ ದಾರಿ. ಅಪ್ಪಯ್ಯ ಸೇರಿದ್ದು ನೈಫಿನ ಒಂದು ಬಟ್ಟೆ ಅಂಗಡಿಗೆ. ಸುತ್ತ ಭಟ್ಕಳದ ನವಾಯತರು, ಮಂಗಳೂರಿನ ಬ್ಯಾರಿಗಳು, ಮಲೆಯಾಳಿಗಳು, ಇರಾನಿಗಳು. ಅಪ್ಪಯ್ಯ ಆರು ತಿಂಗಳಲ್ಲಿ ನಾಲ್ಕು ಭಾಷೆಯಲ್ಲಿ ಚೌಕಾಸಿ ಕಲಿತರು. ಭಟ್ಕಳದವರಿಗೆ ಈ ನೀರು ಹೊಸದೇನಲ್ಲ ಬಿಡಿ. ವಿಜಯನಗರದ ಕಾಲದಲ್ಲೇ ಹೊರ್ಮುಜಿನ ಕುದುರೆಗಳು ಇಳಿಯುತ್ತಿದ್ದ ಬಂದರು ಅವರ ಊರು.

ಅಬುಧಾಬಿಯಲ್ಲಿ ನಮ್ಮವರ ಬದುಕು ಬೇರೆ. ಅಲ್ಲಿ ಕೆಲಸ ಕೊಡುತ್ತಿದ್ದದ್ದು ಸರ್ಕಾರ, ತೈಲ ಕಂಪನಿ, ಬ್ಯಾಂಕು, ಆಸ್ಪತ್ರೆ. ಉಡುಪಿ ಜಿಲ್ಲೆಯ ಕಾಪುವಿನ ಬಿ. ಆರ್. ಶೆಟ್ಟಿ 1973ರಲ್ಲಿ ಬಂದು 1975ರಲ್ಲಿ ಎನ್‌ಎಂಸಿ ಆಸ್ಪತ್ರೆ ಶುರು ಮಾಡಿದ್ದು ಅಬುಧಾಬಿಯಲ್ಲೇ. 2020ರಲ್ಲಿ ಆ ಕಂಪನಿ ಸಾಲದಲ್ಲಿ ಮುಳುಗಿ ಬೇರೆಯವರ ಕೈಗೆ ಹೋದಾಗ ಕರಾವಳಿಯ ಎಷ್ಟೋ ಮನೆಗಳಲ್ಲಿ ಅದು ಸ್ವಂತ ಸುದ್ದಿಯಂತೆ ಕೇಳಿಸಿತು.

ದೊಡ್ಡಪ್ಪಯ್ಯನವರಿಗೆ ಮಧ್ಯಾಹ್ನ ಎರಡೂವರೆಗೆ ಕೆಲಸ ಮುಗಿಯುತ್ತಿತ್ತು. ಊಟ, ನಿದ್ದೆ, ಸಂಜೆ ಕಾರ್ನಿಶ್ ಮೇಲೆ ವಾಕಿಂಗ್. ಅಪ್ಪಯ್ಯ ರಾತ್ರಿ ಹನ್ನೊಂದಕ್ಕೆ ಶಟರ್ ಎಳೆಯುತ್ತಿದ್ದರು. ಶುಕ್ರವಾರ ಇಬ್ಬರೂ ಸೇರಿದರೆ ಶುರು. “ಹೋಯ್, ಅಬುಧಾಬಿಯಲ್ಲಿ ಎಂತ ಇತ್ತ್? ಎಂಟಕ್ಕೆ ಮಲ್ಕಂಬೂದೇ?” ಅಂತ ಅಪ್ಪಯ್ಯ. “ನಿನ್ನ ದೇರಾದಲ್ಲಿ ಉಸಿರಾಡೂಕೆ ಜಾಗ ಇತ್ತಾ?” ಅಂತ ದೊಡ್ಡಪ್ಪಯ್ಯ. ಊರಲ್ಲಿ ಒಂದೇ ಜಾಗದಲ್ಲಿ ಎರಡು ಮನೆ ಎದ್ದವು. ನಮ್ಮದು ಬೇಗ ಎದ್ದಿತು, ಬಣ್ಣದ ಗೇಟು, ಗಾಜಿನ ಬಾಗಿಲು. ಅವರದು ನಿಧಾನ. ಕೇರಿಯವರು ದುಬೈ ಮನೆ, ಅಬುಧಾಬಿ ಮನೆ ಅಂತಲೇ ಗುರುತು ಹೇಳುತ್ತಿದ್ದರು.

2009

1990ರ ದಶಕದಲ್ಲಿ ಅಪ್ಪಯ್ಯ ಅಂಗಡಿಯಲ್ಲಿ ಪಾಲುದಾರರಾದರು. ಹೋಲ್‌ಸೇಲ್, ಖೋರಿನ ದೋಣಿಗಳಲ್ಲಿ ಆಫ್ರಿಕಾಗೆ ಬಟ್ಟೆ. ಎಲ್ಲವೂ ಮುಂದಿನ ತಾರೀಖಿನ ಚೆಕ್ಕಿನ ಮೇಲೆ. 2008ರ ಕೊನೆಯಲ್ಲಿ ಜಗತ್ತಿನ ಬ್ಯಾಂಕುಗಳು ನಡುಗಿದಾಗ ದುಬೈ ನಿಂತಲ್ಲೇ ನಿಂತಿತು. ಅಪ್ಪಯ್ಯನಿಗೆ ಬರಬೇಕಾದ ಹಣ ಬರಲಿಲ್ಲ, ಅವರು ಕೊಟ್ಟ ಚೆಕ್ಕುಗಳ ತಾರೀಖು ಬರುತ್ತಾ ಹೋಯಿತು. ಆಗಿನ ಕಾನೂನಿನಲ್ಲಿ ಚೆಕ್ ಬೌನ್ಸ್ ಆದರೆ ಜೈಲು. ರಾತ್ರಿ ಕಾರುಗಳನ್ನು ಬಿಟ್ಟು ಊರಿಗೆ ಓಡಿಹೋದವರ ಕಥೆಗಳನ್ನು ನೀವೂ ಕೇಳಿರಬಹುದು. ಅಪ್ಪಯ್ಯ ಓಡಲಿಲ್ಲ. ಊಟ ಬಿಟ್ಟರು, ಮಾತು ಬಿಟ್ಟರು.

ದೊಡ್ಡಪ್ಪಯ್ಯ ಆ ವರ್ಷವೇ ನಿವೃತ್ತರಾಗಿದ್ದರು. 39 ವರ್ಷದ ದುಡಿಮೆಯ ಗ್ರಾಚ್ಯುಟಿ ಕೈಗೆ ಬಂದಿತ್ತು, ಅರ್ಧ ಕಟ್ಟಿದ ಮನೆಗೆ ಅಂತ ಇಟ್ಟ ಹಣ. ಒಂದು ಶುಕ್ರವಾರ ಬಂದು, ಚಹಾ ಕುಡಿದು, ಕವರ್ ಮೇಜಿನ ಮೇಲಿಟ್ಟು ಹೋದರು. ಏನೂ ಹೇಳಲಿಲ್ಲ. ಅವರ ಮನೆಯ ಮೇಲಿನ ಮಹಡಿ ಮುಂದೆ ಐದು ವರ್ಷ ಬರೀ ಕಂಬಗಳಾಗಿ ನಿಂತಿತ್ತು. ಅಪ್ಪಯ್ಯ ಆಮೇಲೆ ಒಂದೇ ಒಂದು ಸಲವೂ ಅಬುಧಾಬಿಯ ಬಗ್ಗೆ ತಮಾಷೆ ಮಾಡಲಿಲ್ಲ. ತಮಾಷೆ ನಿಂತಿತು ಅಂದರೆ ಸಲಿಗೆಯೂ ಸ್ವಲ್ಪ ನಿಂತಿತು. ಎರಡು ವರ್ಷ ಇಬ್ಬರೂ ಹೆಚ್ಚು ಮಾತಾಡಲಿಲ್ಲ. ಸಾಲ ಕೊಟ್ಟವರಿಗಿಂತ ತಗೊಂಡವರಿಗೆ ಅದು ಭಾರ.

ಅದೇ ಹೊತ್ತಿಗೆ ದೊಡ್ಡ ಮನೆಗಳಲ್ಲೂ ಇದೇ ನಡೆಯುತ್ತಿತ್ತು. 2009ರ ಡಿಸೆಂಬರಿನಲ್ಲಿ ದುಬೈ ವರ್ಲ್ಡ್ ಸಾಲ ತೀರಿಸಲಾಗದೆ ನಿಂತಾಗ ಅಬುಧಾಬಿ 10 ಬಿಲಿಯನ್ ಡಾಲರ್ ನೆರವು ಕೊಟ್ಟಿತು. 2010ರ ಜನವರಿ 4ರಂದು 828 ಮೀಟರ್ ಎತ್ತರದ ಗೋಪುರ ಉದ್ಘಾಟನೆಯಾಯಿತು. ಅಲ್ಲಿವರೆಗೆ ಬುರ್ಜ್ ದುಬೈ ಆಗಿದ್ದದ್ದು ಆ ರಾತ್ರಿ ಬುರ್ಜ್ ಖಲೀಫಾ ಆಯಿತು. ಶೇಖ್ ಖಲೀಫಾ ಆಗ ದೇಶದ ಅಧ್ಯಕ್ಷರು, ಅಬುಧಾಬಿಯ ಆಳುವವರು. ಟಿವಿ ನೋಡುತ್ತಿದ್ದ ಅಪ್ಪಯ್ಯ ತುಂಬಾ ದಿನದ ಮೇಲೆ ತಾವೇ ಅಣ್ಣನಿಗೆ ಫೋನ್ ಮಾಡಿ, “ನಾವೂ ಅಂಗಡಿ ಬೋರ್ಡ್ ಬದಲ್ ಮಾಡ್ಕಾ?” ಅಂದರು. ಆ ಕಡೆಯಿಂದ, “ಬೋರ್ಡ್ ಬದಲ್ ಮಾಡೂಕೆ ಮತ್ತೆ ದುಡ್ಡ್ ಬೇಕಲ್ದಾ ಮಾರಾಯ” ಅಂತ ಬಂತು. ಇಬ್ಬರೂ ಪೂರ್ತಿ ಸರಿಹೋಗಲು ಇನ್ನೂ ಸಮಯ ಹಿಡಿಯಿತು. ಆದರೆ ಆ ರಾತ್ರಿ ನಕ್ಕದ್ದು ನಾನು ಕೇಳಿದ್ದೇನೆ.

ಹಾಗಾದರೆ ಸ್ವಭಾವ ಅಂದರೆ ಏನು?

ಈಗ ಮಗಳ ಸಾಲಿಗೆ ವಾಪಸ್ ಬರೋಣ. ಓಡುವ ಊರು, ಕೂತ ಊರು. ಇವತ್ತು ನೋಡಿದರೆ ಅದು ಅರ್ಧ ಸತ್ಯ. ದುಬೈ 1979ರಲ್ಲಿ ಜೆಬೆಲ್ ಅಲಿ ಬಂದರು ತೆರೆದದ್ದು, 1985ರಲ್ಲಿ ಎಮಿರೇಟ್ಸ್ ವಿಮಾನ ಹಾರಿಸಿದ್ದು, ಎಲ್ಲ ಹಳೇ ಖೋರಿನ ಬುದ್ಧಿಯೇ: ಜನ, ಸರಕು ನಮ್ಮ ಮೂಲಕ ಹಾದುಹೋಗಲಿ. ಅಬುಧಾಬಿ ದೇಶದ ತೈಲದ ಶೇ. 90ಕ್ಕಿಂತ ಹೆಚ್ಚು ಪಾಲು ಇಟ್ಟುಕೊಂಡು ನಿಧಾನವಾಗಿ, ಯೋಚಿಸಿ ಕಟ್ಟಿತು: 2007ರಲ್ಲಿ ಶೇಖ್ ಜಾಯೆದ್ ಮಸೀದಿ, 2017ರಲ್ಲಿ ಲೂವ್ರ್ ಅಬುಧಾಬಿ. ಆದರೆ ನೆನಪಿಡಿ, ನಿಧಾನದ ಊರು ಅನ್ನಿಸಿಕೊಂಡದ್ದೇ 1966ರ ನಂತರ ಎಲ್ಲರಿಗಿಂತ ವೇಗವಾಗಿ ಬದಲಾಯಿತು. ಓಡುವ ಊರು ಅನ್ನಿಸಿಕೊಂಡದ್ದೇ 2009ರಲ್ಲಿ ದಣಿದು ಕೂತಿತು. ಊರಿನ ಸ್ವಭಾವ ಅಂತ ನಾವು ಹೇಳುವುದು ಆ ಊರಿಗೆ ಬಂದ ಪರಿಸ್ಥಿತಿಗೆ ಅದು ಕಂಡುಕೊಂಡ ಉತ್ತರ. ಪರಿಸ್ಥಿತಿ ಬದಲಾದರೆ ಉತ್ತರವೂ ಬದಲಾಗುತ್ತೆ.

ನಮ್ಮಂಥವರಿಗೆ ಇದು ಯಾಕೆ ಮುಖ್ಯ? ನಾವು ಇಲ್ಲಿ ವೀಸಾದ ಮೇಲೆ ಇರುವವರು. ನಮ್ಮ ಹಿರಿಯರು ಜೀವನದ ಒಳ್ಳೆಯ ಭಾಗ ಇಲ್ಲಿ ಕಳೆದು ಒಂದು ಪೆಟ್ಟಿಗೆ ಹಿಡಿದು ವಾಪಸ್ ಹೋದರು. ಊರಲ್ಲಿ ಅವರಿಬ್ಬರನ್ನೂ “ದುಬೈಯವರು” ಅಂತ ಒಂದೇ ಮಾತಿನಲ್ಲಿ ಮುಗಿಸಿದರು. ಮಸ್ಕತ್, ದೋಹಾ, ಅಬುಧಾಬಿ ಎಲ್ಲವೂ ಅವರಿಗೆ ದುಬೈಯೇ. ಇಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ಈ ಊರು 1971ರಲ್ಲೋ ಬುರ್ಜ್ ಖಲೀಫಾದ ದಿನವೋ ಶುರುವಾದ ಹಾಗೆ ಕಾಣುತ್ತೆ. ಹಾಗೆ ನೋಡಿದರೆ ಅವರ ಅಜ್ಜ ಎಲ್ಲಿ ಬದುಕಿದ್ದರು ಅನ್ನೋದಕ್ಕೇ ಜಾಗ ಉಳಿಯುವುದಿಲ್ಲ. ಎರಡು ಊರುಗಳನ್ನು ಬೇರೆ ಬೇರೆಯಾಗಿ ತಿಳಿದುಕೊಂಡರೆ, ಇಬ್ಬರು ಮನುಷ್ಯರೂ ಬೇರೆ ಬೇರೆಯಾಗಿ ಕಾಣಿಸುತ್ತಾರೆ.

ಮಗಳು ಪ್ರಾಜೆಕ್ಟಿನ ಮೊದಲ ಸಾಲು ಹೊಡೆದು ಹಾಕಿದಳು. ಅದರ ಜಾಗದಲ್ಲಿ ಬರೆದಳು: “1833ರಲ್ಲಿ 800 ಜನ ಅಬುಧಾಬಿ ಬಿಟ್ಟು ದುಬೈಗೆ ಬಂದರು.” ಆಮೇಲೆ ನನ್ನನ್ನು ಕೇಳಿದಳು, “ಅವರೂ ಎಕ್ಸ್‌ಪ್ಯಾಟ್ಸಾ ಅಪ್ಪ?” ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ.

ನಿಮಗೆ ಒಂದು ರಜಾ ದಿನ ಸಿಕ್ಕಿದರೆ ಹೀಗೆ ಮಾಡಿ. ಬೆಳಗ್ಗೆ ಬನಿಯಾಸ್ ಸ್ಕ್ವೇರಿನಲ್ಲಿ ಇಳಿಯಿರಿ. ಅಲ್ ರಾಸ್ ಕಡೆ ನಡೆದು, 1912ರಲ್ಲಿ ಒಬ್ಬ ಮುತ್ತಿನ ವರ್ತಕ ಶುರು ಮಾಡಿದ ಅಹ್ಮದಿಯಾ ಶಾಲೆಯ ಕಟ್ಟಡ ನೋಡಿ. ಸಾಂಬಾರ ಸೂಕಿನಲ್ಲಿ ಒಣ ನಿಂಬೆಯ ವಾಸನೆ ತಗೊಳ್ಳಿ. ಒಂದು ದಿರ್ಹಮ್ ಕೊಟ್ಟು ಅಬ್ರಾದಲ್ಲಿ ದಾಟಿ. ಆ ದಡದಲ್ಲಿ ಅಲ್ ಗುಬೈಬಾ ಬಸ್ ನಿಲ್ದಾಣದಿಂದ ಅಬುಧಾಬಿ ಬಸ್ಸು ಸಿಗುತ್ತೆ. ದ್ವೀಪ ಸೇರುವ ಮುಂಚೆ ಕಿಟಕಿಯಿಂದ ನೀರಿನ ನಡುವಿನ ಆ ಕಾವಲು ಗೋಪುರವನ್ನು ಹುಡುಕಿ. ಕಸ್ರ್ ಅಲ್ ಹೊಸ್ನ್ ಅಂಗಳದಲ್ಲಿ ಸ್ವಲ್ಪ ಹೊತ್ತು ಕೂತು ಸಂಜೆ ಕಾರ್ನಿಶ್ ಮೇಲೆ ನಡೆಯಿರಿ, ನಮ್ಮ ದೊಡ್ಡಪ್ಪಯ್ಯ ನಡೆದ ಹಾಗೆ, ಅವಸರ ಇಲ್ಲದೆ. ವಾಪಸ್ ಬರುವಾಗ ರಾತ್ರಿ ಹತ್ತಾದರೂ ಚಿಂತೆ ಇಲ್ಲ. ನೈಫಿನಲ್ಲಿ ಆಗಲೂ ಶಟರ್ ತೆರೆದೇ ಇರುತ್ತೆ.